ಹಿನೊಸೆ ಸ್ಟೇಷನ್ ಮಾಸ್ತರರ ಸಲ್ಯೂಟು

ನಮ್ಮ ಮೋಹನರಾಜನಿಗೆ ಯಾರೋ ಸಲಾಮು ಹೊಡೆದರು ಎಂಬ ಸುದ್ದಿ ನಮ್ಮ ಮನೆತನಕ್ಕೆ ಹೊಸದಲ್ಲ. ಏಳು ವರ್ಷದವನಿದ್ದಾಗ ಮೈಸೂರಿನಲ್ಲಿ ಜಂಬೂಸವಾರಿ ನೋಡಿ ಬಂದವನು, ಅಷ್ಟು ಸಾವಿರ ಜನರ ನಡುವೆ ಆನೆ ತನ್ನೊಬ್ಬನನ್ನೇ ಗುರುತಿಸಿ ಸೊಂಡಿಲೆತ್ತಿತು ಎಂದು ಸಾಧಿಸಿದ್ದ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದವಳು ನಾನು. ಆನೆ ಸೊಂಡಿಲೆತ್ತಿದ್ದು ನನ್ನ ಕೈಲಿದ್ದ ಬಾಳೆಹಣ್ಣಿಗೆ. ಮಗು ಖುಷಿಯಾಗಿದೆ, ಇರಲಿ ಎಂದು ಸುಮ್ಮನಾದೆ. ಈಗ ಮಗುವಿಗೆ ಐವತ್ತೆಂಟು.

ಮೋಹನರಾಜ ನನ್ನ ಅಣ್ಣನ ಮಗ. ಅವನ ಹೆಂಡತಿ ಲೀಲಾವತಿಯ ಬಾಣಂತನಕ್ಕೆಂದು ನನ್ನನ್ನು ಟೆಕ್ಸಾಸಿಗೆ ಕರೆಸಿಕೊಂಡರು. ಆ ಬಾಣಂತನ ಇನ್ನೂ ಮುಗಿದಿಲ್ಲ. ಆಗ ಹುಟ್ಟಿದ ಹರ್ಷಿಣಿ ಈಗ ಆಸ್ಟಿನ್‌ನಲ್ಲಿ ಕೆಲಸಕ್ಕೆ ಹೋಗುತ್ತಾಳೆ, ನಾನು ಲಿಯಾಂಡರ್‌ನ ಮನೆಯಲ್ಲಿ ಅವಳಿಗೆ ಇನ್ನೂ ಕಲಸನ್ನ ಮಾಡಿಟ್ಟು ಕಾಯುತ್ತೇನೆ.

ಹೋದ ವರ್ಷ ಮೋಹನರಾಜನ ಕಂಪನಿಯವರು ಅವನನ್ನು ಎರಡು ತಿಂಗಳು ಜಪಾನಿಗೆ ಕಳಿಸಿದರು. ಫ್ಯಾಕ್ಟರಿ ಎಲ್ಲೋ ಬಯಲಿನಲ್ಲಿ, ಇಳಿದುಕೊಂಡದ್ದು ಹಿನೊಸೆ ಎಂಬ ಪುಟ್ಟ ಊರಿನಲ್ಲಿ, ರೈಲ್ವೆ ಸ್ಟೇಷನ್ನಿಗೆ ಅಂಟಿಕೊಂಡ ಕೋಣೆಯಲ್ಲಿ. ಹೋಗುವಾಗ ಬರೀ ಮೋಹನರಾಜನಾಗಿ ಹೋದವನು ಬರುವಾಗ ಅಲ್ಲಿಯವರ ಮರ್ಯಾದೆಯ ಬಾಲ ಹಚ್ಚಿಕೊಂಡು ಮೋಹನರಾಜ-ಸಾನ್ ಆಗಿ ಬಂದ. ಸೂಟ್‌ಕೇಸು ಬಿಚ್ಚುವ ಮೊದಲೇ ಹಿನೊಸೆ ಬಿಚ್ಚಿದ.

ಒಂದೇ ಪ್ಲಾಟ್‌ಫಾರಂ, ಎರಡೇ ಬೋಗಿಯ ರೈಲು. ಸ್ಟೇಷನ್ನಿನ ಎದುರಿಗೆ ಕ್ಷೌರದಂಗಡಿ, ಅದರ ಪಕ್ಕ ನೂಡಲ್ಸ್ ಅಂಗಡಿ, ಅದರಾಚೆ ಕಾಸು ಹಾಕಿದರೆ ಬಿಸಿ ಕಾಫಿ ಉದುರಿಸುವ ಪೆಟ್ಟಿಗೆ. ಬೆನ್ನು ಬಾಗಿದ ಮುದುಕಿಯರು ಸೈಕಲ್ಲಿನ ಬುಟ್ಟಿಯಲ್ಲಿ ಮಾರುದ್ದದ ಈರುಳ್ಳಿ ಸೊಪ್ಪು ಇಟ್ಟುಕೊಂಡು ಗೇಟಿನ ಬಳಿ ಕಾಯುತ್ತಾರೆ. ಗೇಟು ಬೀಳುವಾಗ ಗಂಟೆ ಟಣಟಣ ಎನ್ನುತ್ತದೆ. ಈ ಊರನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ನೇರವಾಗಿ ಹೋಗಿ ಆ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂರಬಲ್ಲೆ.

ಇದೆಲ್ಲ ಪೀಠಿಕೆ. ಕಥೆಯ ತಿರುಳು ಸ್ಟೇಷನ್ ಮಾಸ್ತರರು.

"ಬೆಳಗ್ಗೆ ನಾನು ಪ್ಲಾಟ್‌ಫಾರಂ ತುದೀಲಿ ನಿಂತ್ಕೋತೀನಿ, ಅತ್ತೆ. ಮಾಸ್ತರು ಬರ್ತಾರೆ. ತಲೆ ಮೇಲೆ ಟೋಪಿ, ಕೈಗೆ ಬಿಳೀ ಗ್ಲೌಸು. ಸೆಟೆದು ನಿಂತು, ಕೈ ಚಾಚಿ, ಸೀದಾ ನನ್ನ ಕಡೆ ಬೆರಳು ತೋರಿಸಿ, ಏನೋ ಒಂದು ಗೌರವದ ಮಾತು ಜೋರಾಗಿ ಕೂಗ್ತಾರೆ. ಅಷ್ಟು ಜನ ಜಪಾನಿಗಳಿದ್ರೂ ನನಗೊಬ್ಬನಿಗೆ!"

"ಟಿಕೆಟ್ ತೋರಿಸು ಅಂದಿರ್ತಾರೆ," ಎಂದಳು ಲೀಲಾವತಿ, ಹುಳಿ ಕುದಿಸುತ್ತಾ.

"ಟಿಕೆಟ್ ಕೇಳೋರು ಯಾರಾದ್ರೂ ಸಲ್ಯೂಟ್ ಹೊಡೀತಾರೇನೇ? ನಾನು ಸಲ್ಯೂಟ್ ಹೊಡೆದೆ, ಅವರೂ ಹೊಡೆದ್ರು. ಅವತ್ತಿಂದ ದಿನಾ ಹಂಗೇ. ವಸಂತತ್ತೆ, ನೀವೇ ಹೇಳಿ, ಪರದೇಶದಲ್ಲಿ ನಮ್ಮವರಿಗೆ ಇಂಥ ಮರ್ಯಾದೆ ಸಿಕ್ಕಿದ್ದು ಎಲ್ಲಾದ್ರೂ ಕೇಳಿದೀರಾ?"

ನಾನು ಕೇಳಿರಲಿಲ್ಲ. ಹಾಗೆಂದೇ ಹೇಳಿದೆ. ಅದನ್ನು ಅವನು ಒಪ್ಪಿಗೆ ಎಂದು ತಿಳಿದ.

ಕಥೆ ಮನೆಯಿಂದ ಮನೆಗೆ ಹೋದಂತೆ ಮೈ ತುಂಬಿಕೊಂಡಿತು. ಪಕ್ಕದೂರು ಸೀಡರ್ ಪಾರ್ಕ್ ದಾಟುವ ಹೊತ್ತಿಗೆ ಮಾಸ್ತರರು ಟೋಪಿ ತೆಗೆಯುತ್ತಿದ್ದರು. ಫ್ಲೂಗರ್‌ವಿಲ್‌ನ ಶ್ರೀವಿದ್ಯಾ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಮಾಸ್ತರರು ಬಾಗಿ ನಮಸ್ಕರಿಸಿದರು. ನಮ್ಮ ಕನ್ನಡ ಬಳಗದ ಅಧ್ಯಕ್ಷ, ಧಾರವಾಡದ ಇರಣ್ಣನ ಮನೆಗೆ ಬರುವಷ್ಟರಲ್ಲಿ ಮೋಹನರಾಜ ಹತ್ತಿ ಕೂತ ಮೇಲೆಯೇ ರೈಲು ಹೊರಡುತ್ತಿತ್ತು. ಇದರಲ್ಲಿ ಸುಳ್ಳಿರಲಿಲ್ಲ. ಅವನು ಹೇಳಿದ್ದನ್ನೆಲ್ಲ ಮೊದಲು ನಂಬುತ್ತಿದ್ದವನು ಅವನೇ.

ರೈಲಿನ ರುಚಿ ಹತ್ತಿದ ಮೇಲೆ ಅವನಿಗೆ ಕಾರು ಸಪ್ಪೆಯಾಯಿತು. ಲಿಯಾಂಡರ್ ಸ್ಟೇಷನ್ನಿನಿಂದ ರೈಲಿನಲ್ಲೇ ಆಸ್ಟಿನ್ ಆಫೀಸಿಗೆ ಹೋಗತೊಡಗಿದ. ರೈಲು ಬಂದಾಗ ಸೆಟೆದು ನಿಂತು ಡ್ರೈವರಿಗೆ ಸಲ್ಯೂಟು ಹೊಡೆಯುವನು. ಒಂದು ದಿನ ಅದನ್ನು ನಮ್ಮ ಬೀದಿಯ ರ‍್ಯಾಂಡಿ ನೋಡಿದ. ರ‍್ಯಾಂಡಿ ನಿವೃತ್ತ ಸೈನಿಕ, ಮನೆ ಮುಂದೆ ಬಾವುಟ ಹಾರಿಸುವವನು. ಸಲ್ಯೂಟಿನ ಭಂಗಿ ನೋಡಿ ಇವನೂ ಯಾವುದೋ ದಂಡಿನಲ್ಲಿದ್ದವನೇ ಎಂದು ತೀರ್ಮಾನಿಸಿ, ಹತ್ತಿರ ಬಂದು ಕೈ ಕುಲುಕಿ, "ಥ್ಯಾಂಕ್ ಯು ಫಾರ್ ಯುವರ್ ಸರ್ವಿಸ್, ಸರ್," ಎಂದ. ಈ ದೇಶದಲ್ಲಿ ಸೈನಿಕರಿಗೆ ಹಾಗೆ ಹೇಳುವ ಪದ್ಧತಿ.

ಮೋಹನರಾಜ ಸಂಜೆ ಒಳಗೆ ಬಂದವನು ಕೂರಲಿಲ್ಲ. "ಲೀಲಾ, ನಾನು ಜಪಾನಿನಲ್ಲಿ ಮಾಡಿದ ಸೇವೆ ರ‍್ಯಾಂಡಿಗೂ ಗೊತ್ತಾಗಿದೆ!"

"ಎರಡು ತಿಂಗಳು ಕಂಪ್ಯೂಟರ್ ರಿಪೇರಿ ಮಾಡಿದ್ದಕ್ಕಾ?"

"ಅವನು ಕಣ್ಣಲ್ಲಿ ನೀರು ಹಾಕ್ಕೊಂಡ ಕಣೇ."

ಮಾರನೆಯ ದಿನ ರ‍್ಯಾಂಡಿ ಪೆಕಾನ್ ಪೈ ಎಂಬ ಬೀಜದ ಸಿಹಿ ಕಡುಬೊಂದನ್ನು ತಂದುಕೊಟ್ಟ. ಮೊಟ್ಟೆ ಹಾಕಿದ್ದು. ಮೋಹನರಾಜ ಗೌರವದ ಪ್ರಶ್ನೆ ಎಂದು ಅಷ್ಟನ್ನೂ ಒಬ್ಬನೇ ತಿಂದ.

ಇಲ್ಲಿಯವರೆಗೆ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಅಷ್ಟರಲ್ಲಿ ಹರ್ಷಿಣಿ ಕೌಸ್ತುಭ್ ಎಂಬ ಹುಡುಗನನ್ನು ಮೆಚ್ಚಿದಳು. ಒಳ್ಳೆಯ ಹುಡುಗ, ಹೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಅವನ ತಂದೆತಾಯಿ ಗೋವಿಂದರಾಜು, ಉಷಾರಾಣಿ ಶುಗರ್ ಲ್ಯಾಂಡಿನಿಂದ ಕಾರು ಮಾಡಿಕೊಂಡು ಹುಡುಗಿಯ ಮನೆ ನೋಡಲು ಬಂದರು. ಊಟಕ್ಕೆ ಕೂತಾಗ ಗೋವಿಂದರಾಜು ಸ್ಪಷ್ಟವಾಗಿ ಹೇಳಿದರು:

"ನೋಡಿ, ನಮಗೆ ಜಾತಕ ಬೇಡ, ಒಡವೆ ಬೇಡ. ನಿಜ ಹೇಳೋ ಮನೆ ಆದ್ರೆ ಸಾಕು. ನಮ್ಮ ಸ್ನೇಹಿತ ಒಬ್ಬ ಶುಗರ್ ಲ್ಯಾಂಡಿಂದ ಡಾಲಸ್‌ಗೆ ಮೂರೇ ಗಂಟೇಲಿ ಹೋದೆ ಅಂದ. ನಾನು ಅಲ್ಲೇ ಮ್ಯಾಪ್ ತೆಗೆದು ನಾಲ್ಕು ಗಂಟೆ ದಾರಿ ಅಂತ ತೋರಿಸ್ದೆ. ಅವತ್ತಿಂದ ಅವನ ಮನೆ ಮೆಟ್ಟಿಲು ಹತ್ತಿಲ್ಲ."

"ಅವತ್ತಿಂದ ಅವರೂ ನೆಮ್ಮದಿಯಾಗಿದ್ದಾರೆ," ಎಂದು ಉಷಾರಾಣಿ ಪಲ್ಯ ಬಡಿಸಿಕೊಂಡರು.

ಏನೂ ಬೇಡ ಎನ್ನುವ ಬೀಗರಿಗಿಂತ ದುಬಾರಿ ಬೀಗರಿಲ್ಲ ಎಂದು ನನಗೆ ಆಗಲೇ ಅನಿಸಿತು. ಮೋಹನರಾಜನಿಗೆ ಅನಿಸಲಿಲ್ಲ. ಅವನು ಹಪ್ಪಳ ಮುರಿದು, "ನಿಜ ಅಂದ್ರೆ ನೆನಪಾಯ್ತು, ನಾನು ಹಿನೊಸೇಲಿ ಇದ್ದಾಗ..." ಎಂದು ಶುರುಮಾಡಿದ. ಹರ್ಷಿಣಿ ಮೇಜಿನ ಕೆಳಗೆ ಒದ್ದಳು. ಅದು ನನಗೆ ತಾಗಿತು.

ಪೂರ್ತಿ ಕೇಳಿದ ಮೇಲೆ ಗೋವಿಂದರಾಜು ಕನ್ನಡಕ ತೆಗೆದು ಒರೆಸಿದರು. "ದಿನಾ ಸಲ್ಯೂಟು? ಸ್ಟೇಷನ್ ಮಾಸ್ತರು? ನಿಮಗೆ?"

"ನನಗೇ!"

"ಸಂತೋಷ. ಏಪ್ರಿಲ್‌ನಲ್ಲಿ ನಾವು ಚೆರ್ರಿ ಹೂ ನೋಡಕ್ಕೆ ಜಪಾನಿಗೆ ಹೋಗ್ತಿದ್ದೀವಿ. ಹಿನೊಸೆಗೂ ಹೋಗ್ತೀವಿ. ಮಾಸ್ತರ ಬಾಯಿಂದಲೇ ಕೇಳ್ಕೊಂಡು ಬರ್ತೀನಿ. ಮದುವೆ ಮಾತು ಆಮೇಲೆ ಆಡೋಣ."

"ಧಾರಾಳವಾಗಿ ಕೇಳಿ!" ಎಂದ ನಮ್ಮ ಮಹಾರಾಯ, ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದ.

ಅವರು ಹೋದ ಮೇಲೆ ಹರ್ಷಿಣಿ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದಳು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ನನಗೆ ಇಂಗ್ಲಿಷ್ ಬಾರದ ಕಾರಣ ನನ್ನೊಡನೆ ಮಾತ್ರ ಕನ್ನಡ. ಚಿಕ್ಕಂದಿನಿಂದ ಜಪಾನಿ ಕಾರ್ಟೂನು ನೋಡೀ ನೋಡೀ ಆ ಭಾಷೆಯನ್ನೂ ಕಲಿತಿದ್ದಳು.

"ಅಜ್ಜಿ, ಅಲ್ಲಿ ಎಲ್ಲಾ ಸ್ಟೇಷನ್ನಲ್ಲೂ ಹಂಗೇ ಬೆರಳು ತೋರಿಸ್ತಾರೆ. ಹಳಿ ಮೇಲೆ ಏನೂ ಇಲ್ಲ, ಸಿಗ್ನಲ್ ಸರಿ ಇದೆ ಅಂತ ಚೆಕ್ ಮಾಡೋ ರೀತಿ ಅದು. ಅಪ್ಪಂಗೆ ತೋರಿಸಿದ್ದಲ್ಲ!"

"ಅವನಿಗೆ ಹೇಳು ಮತ್ತೆ."

"ಹೇಳ್ದೆ. ನಿನ್ನ ಕಾರ್ಟೂನ್ ಬೇರೆ, ನನ್ನ ಅನುಭವ ಬೇರೆ ಅಂದ್ರು. ಕೌಸ್ತುಭ್ ಅಪ್ಪ ಅಲ್ಲಿ ಹೋಗಿ ಕೇಳಿದ್ರೆ ಅಪ್ಪ ಸುಳ್ಳುಗಾರ ಆಗ್ತಾರೆ. ನನ್ನ ಮದುವೆ ಮುಗೀತು, ಅಜ್ಜಿ."

ಅಲ್ಲಿಗೆ ವಿಷಯ ನಿಂತಿದ್ದರೂ ಆಗುತ್ತಿತ್ತು. ಆದರೆ ಇರಣ್ಣನಿಗೆ ಸುದ್ದಿ ಹೋಯಿತು.

"ಏನ್ರಿ ಮೋಹನರಾಜರ, ಬರೇ ಕೇಳಿ ಬರೂದೇನ್ರಿ? ನಮ್ಮ ಮನಷ್ಯಾಗ ಇಷ್ಟು ಮಾನ ಕೊಟ್ಟಾವ್ರನ್ನ ನಾವು ಸುಮ್ಮನ ಬಿಡೂದಾ? ಬಳಗದ ಪರವಾಗಿ ಆ ಮಾಸ್ತರಿಗೆ ಸನ್ಮಾನ ಮಾಡ್ಸೂಣು! ಶಾಲು, ಗಂಧದ ಹಾರ, ಮೈಸೂರು ಪೇಟ. ಹಣ್ಣಿನ ಬುಟ್ಟಿ ಬೇಕಾದ್ರ ಬೀಗರು ಅಲ್ಲೇ ತಗೊಳ್ಳಲಿ."

ಕನ್ನಡಿಗನಿಗೆ ಕೋಪ ಬರಲು ಎರಡು ದಿನ ಬೇಕು, ಸನ್ಮಾನದ ಹುಕಿ ಬಂದರೆ ತಡೆಯಲಾಗುವುದಿಲ್ಲ. ಬಳಗದ ಕಪಾಟಿನಲ್ಲಿ ರಾಜ್ಯೋತ್ಸವಕ್ಕೆಂದು ಇಟ್ಟಿದ್ದ ಪೇಟ ಶುಗರ್ ಲ್ಯಾಂಡಿಗೆ ಹೋಗಿ, ಅಲ್ಲಿಂದ ಉಷಾರಾಣಿಯವರ ಸೂಟ್‌ಕೇಸಿನಲ್ಲಿ ಉಪ್ಪಿಟ್ಟಿನ ರವೆಯ ಜೊತೆ ಜಪಾನಿಗೆ ಹೊರಟಿತು.

ಏಪ್ರಿಲ್‌ನ ಒಂದು ಶುಕ್ರವಾರ ಸಂಜೆ ನಮ್ಮ ಮನೆಯ ಹಾಲಿನಲ್ಲಿ ದೊಡ್ಡ ಟಿ.ವಿ.ಗೆ ಫೋನು ಜೋಡಿಸಿದರು. ಜಪಾನಿನಲ್ಲಿ ಆಗಲೇ ಶನಿವಾರ ಬೆಳಗಾಗಿತ್ತಂತೆ. ನಮಗಿಂತ ಮೊದಲೇ ನಾಳೆಗೆ ಹೋಗಿ ಕೂತ ಜನ, ಅವರ ಮುಂದೆ ಏನನ್ನು ಮುಚ್ಚಿಡುವುದು ಎಂದು ಯೋಚಿಸುತ್ತಾ ನಾನು ಸೋಫಾದ ಮೂಲೆಯಲ್ಲಿ ಕೂತೆ. ಇರಣ್ಣ ಜರಿಪಂಚೆ ಉಟ್ಟು ಬಂದಿದ್ದ. ಶ್ರೀವಿದ್ಯಾ ಚಕ್ಕುಲಿ ತಂದಿದ್ದಳು. ರ‍್ಯಾಂಡಿ ತನ್ನ ದಂಡಿನ ಟೋಪಿ ಹಾಕಿಕೊಂಡು, ಮೋಹನರಾಜನ ಹಳೆಯ ಕಮಾಂಡರನ್ನು ತೋರಿಸುತ್ತಾರೆಂದು ತಿಳಿದು, ಮುಂದಿನ ಸಾಲಿನಲ್ಲಿ ಕೂತಿದ್ದ. ಮೋಹನರಾಜ ಸೂಟು ತೊಟ್ಟಿದ್ದ. ಹರ್ಷಿಣಿ ನನ್ನ ಪಕ್ಕ ಕೂತು ನನ್ನ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದಳು.

ಪರದೆಯ ಮೇಲೆ ಗೋವಿಂದರಾಜು ಮೂಡಿದರು. ಹಿಂದೆ ಅದೇ ಕ್ಷೌರದಂಗಡಿ, ಅದೇ ನೂಡಲ್ಸ್ ಅಂಗಡಿ. ನನಗೆ ತವರಿಗೆ ಹೋದಂತಾಯಿತು.

"ಇಲ್ಲೊಂದು ಆಶ್ಚರ್ಯ ಕಣ್ರೀ!" ಎಂದು ಅವರು ಕೂಗಿದರು. "ನಿಮ್ಮ ಫೋಟೋ ತೋರಿಸಿದ ತಕ್ಷಣ ನೂಡಲ್ಸ್ ಅಂಗಡಿಯವಳು 'ಆಆ!' ಅಂದ್ಬಿಟ್ಲು. ಕ್ಷೌರದವನೂ 'ಆಆ!' ಅಂದ. ಇಬ್ಬರೂ ಸೇರಿ ನಮ್ಮನ್ನ ಪ್ಲಾಟ್‌ಫಾರಂಗೆ ಎಳ್ಕೊಂಡು ಹೋಗಿ ಇದನ್ನ ತೋರಿಸಿದ್ರು. ನೋಡಿ!"

ಫೋನು ತಿರುಗಿತು. ಪ್ಲಾಟ್‌ಫಾರಮಿನ ತುದಿಯ ಕಂಬದ ಮೇಲೆ ಬಣ್ಣದ ಚಿತ್ರವೊಂದು. ದಪ್ಪ ಮೀಸೆ, ಸಣ್ಣ ಹೊಟ್ಟೆ, ಕೈಯಲ್ಲಿ ಊಟದ ಚೀಲ, ಹಣೆಗೆ ಹಚ್ಚಿದ ಬಲಗೈ. ಮೋಹನರಾಜನೇ, ಸಂಶಯವಿಲ್ಲ. ಚಿತ್ರದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಬಣ್ಣದಲ್ಲಿ ಎರಡು ದಪ್ಪ ಗೆರೆ ಅಡ್ಡಡ್ಡ ಎಳೆದಿದ್ದರು.

ಹರ್ಷಿಣಿ ಕಣ್ಣು ಮುಚ್ಚಿಕೊಂಡಳು.

"ಪೋಟೋ ಹಾಕ್ಯಾರ್ರೀ!" ಎಂದು ಇರಣ್ಣ ಚೀರಿದ.

"ಆ ಕೆಂಪು ಗೆರೆ ಯಾಕೆ?" ಎಂದಳು ಶ್ರೀವಿದ್ಯಾ.

"ಕೆಂಪು ಶುಭ ಅಲ್ಲೇನ್ರೀ? ನಾವು ಕುಂಕುಮ ಹಚ್ಚಂಗಿಲ್ಲೇನು? ಅವರು ದೊಡ್ಡದಾಗಿ ಹಚ್ಚ್ಯಾರ."

ಚಪ್ಪಾಳೆ ಬಿತ್ತು. ರ‍್ಯಾಂಡಿ ಎದ್ದು ನಿಂತೇ ಬಿಟ್ಟ. ಮೋಹನರಾಜ ಕರ್ಚೀಫು ತೆಗೆದ. ಲೀಲಾವತಿ ಅವನನ್ನು ಮದುವೆಯಾದ ಮೇಲೆ ಮೊದಲ ಬಾರಿ ನೋಡುವಂತೆ ನೋಡಿದಳು.

ಅಷ್ಟರಲ್ಲಿ ಮಾಸ್ತರರೇ ಬಂದರು. ಬಿಳಿ ಗ್ಲೌಸು, ಟೋಪಿ, ಸಪೂರ ಮೈ. ಫೋನಿನಲ್ಲಿ ಮೋಹನರಾಜನ ಮುಖ ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದು, ಆಳವಾಗಿ ಬಾಗಿ, ಮಾತು ಶುರುಮಾಡಿದರು. ಮಾತು ನಿಲ್ಲಲೇ ಇಲ್ಲ. ತುಂಬಾ ದಿನದಿಂದ ಒಳಗಿಟ್ಟುಕೊಂಡವರ ಮಾತು ಹಾಗಿರುತ್ತದೆ.

"ಹರ್ಷಿಣಿ, ನಿನಗೆ ಜಪಾನಿ ಬರುತ್ತೆ ಅಂತ ಕೌಸ್ತುಭ್ ಹೇಳಿದಾನೆ," ಎಂದರು ಗೋವಿಂದರಾಜು. "ಇವರು ಹೇಳಿದ್ದನ್ನ ಇದ್ದದ್ದು ಇದ್ದಹಾಗೆ ಹೇಳಮ್ಮ. ಒಂದಕ್ಷರ ಬಿಡಬೇಡ."

ಹುಡುಗಿ ನನ್ನ ಕಿವಿಗೆ ಬಾಗಿದಳು. "ಅಜ್ಜಿ, ಇವರು ಕಂಪ್ಲೇಂಟ್ ಹೇಳ್ತಿದ್ದಾರೆ. ಹಳಿ ನೋಡಕ್ಕೆ ಬೆರಳು ತೋರಿಸಿದ್ರೆ ಅಪ್ಪ ಸರಿಯಾಗಿ ಅಡ್ಡ ನಿಂತ್ಕೋತಿದ್ರಂತೆ."

ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ಹರ್ಷಿಣಿ ಎದ್ದು ನಿಂತಳು. ಆ ಹಾಲಿನಲ್ಲಿ ಅವಳ ಬಾಯಿಂದ ಯಾರೂ ಕೇಳಿರದ ಅಚ್ಚ ಕನ್ನಡ ಹೊರಬಂತು.

"ದಿನಾ ಬೆಳಗ್ಗೆ ಮಾಸ್ತರು ಕೈ ಚಾಚಿದಾಗ ಅವರ ಕಣ್ಣಿಗೆ ಮೊದಲು ಬೀಳ್ತಿದ್ದದ್ದು ಅಪ್ಪನೇ ಅಂತೆ."

"ಹೇಳಿರಲಿಲ್ವಾ!" ಎಂದ ಮೋಹನರಾಜ.

ಮತ್ತೆ ನನ್ನ ಕಿವಿಗೆ: "ಸಲ್ಯೂಟ್ ಹೊಡೆದವರಿಗೆ ವಾಪಸ್ ಹೊಡೀದಿದ್ರೆ ತಪ್ಪಾಗುತ್ತಲ್ಲ, ಅದಕ್ಕೆ ಹೊಡೆದು ಹೊಡೆದು ದಿನಾ ರೈಲು ಲೇಟ್ ಆಯ್ತಂತೆ." ಕೋಣೆಗೆ: "ಅಪ್ಪನಿಗೂ ಮಾಸ್ತರಿಗೂ ಸಲ್ಯೂಟ್ ಆಗೋವರೆಗೆ ರೈಲು ಹೊರಡ್ತಿರಲಿಲ್ಲವಂತೆ."

"ಲೇಟಾಗಿದ್ದಕ್ಕೆ ಹೆಡ್ ಆಫೀಸಿಗೆ ದಿನಾ ಕ್ಷಮಾಪಣೆ ಬರೀಬೇಕಾಯ್ತಂತೆ, ಅಜ್ಜಿ." ಕೋಣೆಗೆ: "ಅಪ್ಪನ ವಿಷಯ ಹೆಡ್ ಆಫೀಸಿಗೆ ಬರೆದಿದ್ದಾರಂತೆ. ಒಂದು ಸಲ ಅಲ್ಲ, ದಿನಾ."

"ಹೆಡ್ ಆಫೀಸಿಗೆ!" ಎಂದು ಇರಣ್ಣ ಎದೆ ಮುಟ್ಟಿಕೊಂಡ.

ಮತ್ತೆ ಕಿವಿಗೆ: "ಶಾಲೆ ಮಕ್ಕಳೂ ಸಲ್ಯೂಟ್ ಶುರು ಮಾಡಿದ್ರಂತೆ. ಒಬ್ಬ ಅಜ್ಜಿ ಸಲ್ಯೂಟ್ ಹೊಡೆಯಕ್ಕೆ ಹೋಗಿ ಸೈಕಲ್ ಬಿಟ್ಟು ಬಿದ್ದರಂತೆ." ಕೋಣೆಗೆ: "ಮಕ್ಕಳಿಂದ ಮುದುಕರವರೆಗೆ ಇಡೀ ಊರು ಅಪ್ಪನನ್ನ ನೋಡಿ ಕಲಿತಿದೆಯಂತೆ."

ಈ ಸಲ ನೇರವಾಗಿ ಕೋಣೆಗೇ: "ಅದಕ್ಕೇ ಈ ಚಿತ್ರ ಹಾಕಿದ್ದಂತೆ." ಇಲ್ಲಿ ಹುಡುಗಿಯ ದನಿ ಒಂದಿಷ್ಟು ನಡುಗಿತು, ಕೇಳಿದವರು ಅದನ್ನು ಹೆಮ್ಮೆ ಎಂದುಕೊಂಡರು. "ಅಪ್ಪ ನಿಲ್ತಿದ್ದ ಆ ಜಾಗದಲ್ಲಿ ಇನ್ನು ಮುಂದೆ ಯಾರೂ ನಿಲ್ಲಬಾರದು ಅಂತ ಈ ಚಿತ್ರ ಬರೆಸಿದ್ದಾರಂತೆ."

"ಜಾಗಾ ಹಂಗ ಕಾದಿಟ್ಟಾರ್ರೀ!" ಇರಣ್ಣ ಅಳತೊಡಗಿದ.

ಗೋವಿಂದರಾಜು ತಡಮಾಡಲಿಲ್ಲ. "ಇಂಥವರಿಗೆ ಸನ್ಮಾನ ಮಾಡದೆ ಯಾರಿಗೆ ಮಾಡೋದು!" ಎಂದು ಫೋನನ್ನು ಉಷಾರಾಣಿಯವರ ಕೈಗೆ ಕೊಟ್ಟು ಶಾಲು ಬಿಡಿಸಿದರು. ಅದೇ ಹೊತ್ತಿಗೆ ಗಂಟೆ ಟಣಟಣ ಹೊಡೆದು ಗೇಟು ಬಿದ್ದು ರೈಲು ಬಂತು. ಮಾಸ್ತರರು ಹಳಿಯ ಕಡೆ ಕೈ ಚಾಚಿದರು; ಚಾಚಿದ ಕೈಯ ಮೇಲೆ ಶಾಲು ಬಿತ್ತು. ಕೊರಳಿಗೆ ಗಂಧದ ಹಾರ ಬಿತ್ತು. ಟೋಪಿಯ ಮೇಲೆಯೇ ಮೈಸೂರು ಪೇಟ ಕೂತಿತು. ಇಳಿಯುವವರು ಇಳಿಯಲಿಲ್ಲ, ಹತ್ತುವವರು ಹತ್ತಲಿಲ್ಲ. ರೈಲಿನ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಯಿ ಬಿಟ್ಟುಕೊಂಡು ಹಾಗೇ ಇದ್ದ. ಮಾಸ್ತರರು ಶಾಲಿನೊಳಗಿಂದ ಕೈಗಡಿಯಾರ ಹುಡುಕಿ ನೋಡಿ, ಮುಖ ಬಿಳಿಚಿಕೊಂಡು, ರೈಲಿಗೆ ಬಾಗಿದರು, ಜನಕ್ಕೆ ಬಾಗಿದರು, ಕೊನೆಗೆ ಫೋನಿಗೂ ಬಾಗಿದರು.

"ಎಷ್ಟು ವಿನಯ!" ಎಂದಳು ಶ್ರೀವಿದ್ಯಾ.

ಮಾಸ್ತರರು ಏನೋ ಒಂದೇ ಮಾತು ಕೇಳಿದರು. ಹರ್ಷಿಣಿ ನನ್ನ ಕಡೆ ನೋಡಿ, "ಅಜ್ಜಿ, 'ಅವರು ಮತ್ತೆ ಬರ್ತಾರಾ?' ಅಂತ ಭಯದಿಂದ ಕೇಳ್ತಿದ್ದಾರೆ," ಎಂದಳು. ಆಮೇಲೆ ಎಲ್ಲರ ಕಡೆ ತಿರುಗಿ, "ಅಪ್ಪ ಮತ್ತೆ ಬರೋದಾದ್ರೆ ದಯವಿಟ್ಟು ಮುಂಚಿತವಾಗಿ ತಿಳಿಸ್ಬೇಕಂತೆ," ಎಂದಳು.

ಮೋಹನರಾಜ ಎದ್ದು ನಿಂತು ಪರದೆಗೆ ಸಲ್ಯೂಟು ಹೊಡೆದ. ಹಿನೊಸೆಯಲ್ಲಿ ಮಾಸ್ತರರ ಕೈ, ಪಾಪ, ತಾನಾಗಿ ಹಣೆಗೆ ಹೋಯಿತು. ರೈಲು ಇನ್ನೂ ಹೊರಟಿರಲಿಲ್ಲ.

"ಮೋಹನರಾಜರೇ," ಎಂದರು ಗೋವಿಂದರಾಜು, "ನೀವು ಇದ್ದದ್ದಕ್ಕಿಂತ ಕಮ್ಮಿ ಹೇಳಿದ್ದೀರಿ."

ಜಪಾನಿನಿಂದ ಬಂದ ಮರುವಾರವೇ ಗಂಡ ಹೆಂಡತಿ ಲಿಯಾಂಡರಿಗೆ ಬಂದರು, ಮದುವೆಯ ಮಾತಿಗೆ. ಹಾಲಿನಲ್ಲಿ ಗೋವಿಂದರಾಜು ಇರಣ್ಣನಿಗೆ ಹೇಳುತ್ತಿದ್ದರು: "...ಆಮೇಲೆ ಮಾಸ್ತರು ನನ್ನ ಕಡೆಗೂ ಬೆರಳು ತೋರಿಸಿ ಏನೋ ಗೌರವದ ಮಾತು ಕೂಗಿದ್ರು. ನನಗೂ ಒಂದು ಸಲ್ಯೂಟು!" ಮೋಹನರಾಜ ದೊಡ್ಡ ಮನಸ್ಸು ಮಾಡಿ ತಲೆಯಾಡಿಸುತ್ತಿದ್ದ.

ಉಷಾರಾಣಿ ಅಡುಗೆಮನೆಗೆ ಬಂದು ನನ್ನ ಪಕ್ಕ ಸ್ಟೂಲು ಎಳೆದು ಕೂತರು. ಲೀಲಾವತಿ ಕಾಫಿ ಸೋಸುತ್ತಿದ್ದಳು. ಹರ್ಷಿಣಿ ಲೋಟ ಜೋಡಿಸುತ್ತಿದ್ದಳು.

"ಹರ್ಷಿಣಿ," ಎಂದರು ಮೆಲ್ಲಗೆ, "ಜಪಾನಿನಲ್ಲಿ ಸಾರಿಗೆ ಮೀನು ಹಾಕಿದಾರಾ ಅಂತ ಕೇಳಕ್ಕೆ ನನ್ನ ಫೋನಲ್ಲಿ ಒಂದು ಆ್ಯಪ್ ಇಟ್ಕೊಂಡಿದ್ದೆ. ಅವರು ಮಾತಾಡಿದ್ದನ್ನ ಅಲ್ಲೇ ಇಂಗ್ಲಿಷ್ ಮಾಡಿ ತೋರಿಸುತ್ತೆ. ಅವತ್ತು ಮಾಸ್ತರು ಹೇಳಿದ್ದೆಲ್ಲ ನನ್ನ ಕೈಲಿ ಬರ್ತಾನೇ ಇತ್ತು. ಸೈಕಲ್ಲಿಂದ ಬಿದ್ದ ಅಜ್ಜಿ ಸಮೇತ."

ಹರ್ಷಿಣಿಯ ಕೈಲಿದ್ದ ಲೋಟ ಸಿಂಕಿಗೆ ಬಿತ್ತು. ಲೀಲಾವತಿ, "ಯಾವ ಅಜ್ಜಿ?" ಎಂದಳು. ಅವಳಿಗೆ ನಾವು ಇನ್ನೂ ಹೇಳಿರಲಿಲ್ಲ.

"ಆಂಟಿ, ಸಾರಿ, ನಾನು..."

"ಸಾರಿ ಯಾಕೆ? ಒಂದು ಸುಳ್ಳೂ ಹೇಳಲಿಲ್ಲ ನೀನು. ನಾನು ಒಂದೊಂದೇ ಹೋಲಿಸಿ ನೋಡ್ತಿದ್ದೆ." ಉಷಾರಾಣಿ ಹಾಲಿನ ಕಡೆ ಕಿವಿಗೊಟ್ಟರು. ಅಲ್ಲಿ ಗೋವಿಂದರಾಜುಗಳ ಸಲ್ಯೂಟು ಆಗಲೇ ಎರಡಾಗಿತ್ತು. "ಕೇಳಿಸ್ತಾ? ಆ ಡಾಲಸ್ ಕಥೆ ಹೇಳಿದ ಸ್ನೇಹಿತರ ಹತ್ರಾನೂ ಹಿಂಗೇ, ಆಫೀಸಲ್ಲೂ ಹಿಂಗೇ. ಇವರು ಹೇಳಿದ್ದನ್ನ ಊರಿಗೆ, ಊರು ಹೇಳಿದ್ದನ್ನ ಇವರಿಗೆ, ಯಾರಿಗೂ ನೋವಾಗದ ಹಾಗೆ ತರ್ಜುಮೆ ಮಾಡ್ತಾ ಬಂದಿರೋಳು ಇಷ್ಟು ವರ್ಷ ನಾನೊಬ್ಬಳೇ. ನನಗೂ ಸುಸ್ತಾಗಿದೆ ಕಣಮ್ಮ. ಮನೆಗೆ ಬಾ. ಶಿಫ್ಟ್ ಹಂಚ್ಕೊಳ್ಳೋಣ."

ಹರ್ಷಿಣಿ ಲೋಟ ಎತ್ತಿ ತೊಳೆದಳು.

"ಆಂಟಿ, ವೀಕೆಂಡ್ ರಜಾ ಇರುತ್ತಾ?"

"ವೀಕೆಂಡಲ್ಲೇ ಕೆಲಸ ಜಾಸ್ತಿ. ನೆಂಟರು ಬರೋದು ಅವತ್ತೇ ಅಲ್ವಾ?"

ಕೌಸ್ತುಭ್ ಹರ್ಷಿಣಿಯರ ಮದುವೆ ಗಟ್ಟಿಯಾದದ್ದು ಹೀಗೆ, ಅಡುಗೆಮನೆಯಲ್ಲಿ, ಕಾಫಿ ಆರುವುದರೊಳಗೆ. ಹಾಲಿನಲ್ಲಿದ್ದ ಇಬ್ಬರು ಬೀಗರು ತಾವೇ ಕೂತು ಮಾತಾಡಿ ನಿಶ್ಚಯ ಮಾಡಿದೆವೆಂದು ಇವತ್ತಿಗೂ ತಿಳಿದಿದ್ದಾರೆ. ನಾವು ನಾಲ್ವರು ಹೆಂಗಸರು ಅದನ್ನು ತಿದ್ದಲು ಹೋಗಿಲ್ಲ.